ಗಾಜಿನೊಳಗೆ ಹುಟ್ಟುವ ಹಸಿರು ಬೆಳಕು ಇಷ್ಟು ಮಂಕೇಕೆ?

ಪ್ರಶ್ನೆ: ಧಾರವಾಡದಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಗಾಜನ್ನು ಪೋಲಿಂಗ್ ಮಾಡಿ (ಕಾಯಿಸಿ, ಹೆಚ್ಚು ವೋಲ್ಟೇಜ್ ಕೊಟ್ಟು, ಹಾಗೆಯೇ ತಣಿಸಿ), ಅದರಲ್ಲಿ 1064 ನ್ಯಾನೋಮೀಟರಿನ ಅವಕೆಂಪು ಲೇಸರನ್ನು 532 ನ್ಯಾನೋಮೀಟರಿನ ಹಸಿರಿಗೆ ಬದಲಿಸುವುದು ನನ್ನ ಪ್ರಾಜೆಕ್ಟು. ಒಂದು ಮಿಲಿಮೀಟರ್ ದಪ್ಪದ ಸಿಲಿಕಾ ಗಾಜಿಗೆ 280 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 4 ಕಿಲೋವೋಲ್ಟ್ ಕೊಟ್ಟೆ. 10 ನ್ಯಾನೋಸೆಕೆಂಡಿನ ಲೇಸರ್ ಪಲ್ಸ್ ಹಾಯಿಸಿದಾಗ ಡಿಟೆಕ್ಟರಿನಲ್ಲಿ ಹಸಿರಿನ ಸಣ್ಣ ಸಿಗ್ನಲ್ ಕಾಣುತ್ತದೆ, ಅಷ್ಟೇ. 3 ಮಿಲಿಮೀಟರ್ ಗಾಜು ತಂದರೂ ಹೆಚ್ಚಲಿಲ್ಲ. ಲೇಸರ್ ಶಕ್ತಿ ಏರಿಸಿದೆ, ಗಾಜಿನ ಹಿಂಬದಿ ಸಿಡಿಯಿತು. ಮೈಕ್ರೋಸ್ಕೋಪ್ ಸ್ಲೈಡಿನಲ್ಲಿ ಮಾಡಿದ್ದು ವಾರದಲ್ಲೇ ಮಾಯವಾಯಿತು. ಸಿಲಿಕಾದ್ದು ಎರಡು ತಿಂಗಳಿಗೆ ಅರ್ಧವಾಗಿದೆ. ಗಾಜಿನಲ್ಲಿ ಇದು ಆಗುವುದೇ ಇಲ್ಲ, ನಾನು ನೋಡುತ್ತಿರುವುದು ಲೇಸರನ್ನು ನಡೆಸುವ ಫ್ಲಾಶ್‌ಲ್ಯಾಂಪಿನ ಬೆಳಕು ಎಂದು ಒಬ್ಬರು ಹೇಳಿದರು. ಗಂಟೆಗಟ್ಟಲೆ ಲೇಸರ್ ಹಾಯಿಸುತ್ತಿದ್ದರೆ ಗಾಜು ತಾನೇ ಹದಕ್ಕೆ ಬರುತ್ತದೆ ಎಂದು ಇನ್ನೊಬ್ಬರು. ಅತಿ ಶುದ್ಧವಾದ ಗಾಜು ತರಿಸಲೇ? ಅಥವಾ ಇದನ್ನೆಲ್ಲ ಬಿಟ್ಟು ಕ್ರಿಸ್ಟಲ್ ಕೊಂಡುಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಕೇಳಿದ್ದು ಹಲವು ಪ್ರಶ್ನೆ, ಆದರೆ ಒಳಗಿನ ಆತಂಕ ಒಂದೇ: ‘ನನ್ನ ಕೈಯಲ್ಲೇ ಏನೋ ತಪ್ಪಾಗಿದೆಯೇ?’ ನೀವು ಕೊಟ್ಟಿರುವ ಅಂಕಿಗಳನ್ನು ನೋಡಿದರೆ ದೊಡ್ಡ ತಪ್ಪೇನೂ ಕಾಣುತ್ತಿಲ್ಲ. ನಿಮಗೆ ಸಿಕ್ಕಿರುವುದು ಸಿಗಬೇಕಾದಷ್ಟೇ. ಅದು ಏಕೆ ಅಷ್ಟೇ ಎಂಬುದು ಅರ್ಥವಾದರೆ, ಎಲ್ಲಿ ಹೆಚ್ಚಿಸಬಹುದು, ಎಲ್ಲಿ ಕೈಸುಟ್ಟುಕೊಳ್ಳುತ್ತೀರಿ ಎಂಬುದೂ ತಿಳಿಯುತ್ತದೆ.

ಮೊದಲು, ನೋಡುತ್ತಿರುವುದು ನಿಜವಾದ ಹಸಿರೇ ಎಂಬುದು ಇತ್ಯರ್ಥವಾಗಲಿ. ಅನುಮಾನಪಟ್ಟವರನ್ನು ದೂರಬೇಡಿ, ಅನುಮಾನ ನ್ಯಾಯವಾದದ್ದೇ. 1961ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫ್ರಾಂಕನ್ ಮತ್ತು ಸಂಗಡಿಗರು 694 ನ್ಯಾನೋಮೀಟರಿನ ರೂಬಿ ಲೇಸರನ್ನು ಸ್ಫಟಿಕದ ಕ್ವಾರ್ಟ್ಜ್ ಮೂಲಕ ಹಾಯಿಸಿ 347 ನ್ಯಾನೋಮೀಟರಿನ ಬೆಳಕನ್ನು ಮೊದಲ ಸಲ ಹಿಡಿದರು. ಫೋಟೋ ಫಲಕದಲ್ಲಿ ಅದು ಮೂಡಿದ್ದು ಒಂದು ಸಣ್ಣ ಚುಕ್ಕೆಯಾಗಿ. ಪತ್ರಿಕೆಗೆ ಹೋದಾಗ ಆ ಚುಕ್ಕೆಯನ್ನು ಕೊಳೆಯೆಂದುಕೊಂಡು ಅಳಿಸಿಬಿಟ್ಟರು; ಅಚ್ಚಾದ ಚಿತ್ರದಲ್ಲಿ ಬಾಣದ ಗುರುತಿದೆ, ಅದು ತೋರಿಸುವ ಚುಕ್ಕೆಯೇ ಇಲ್ಲ. ಈ ಕ್ಷೇತ್ರದಲ್ಲಿ ಮಂಕಾದ ಸಿಗ್ನಲ್‌ಗೂ ಕೊಳೆಗೂ ನಡುವಿನ ಗೆರೆ ಅಷ್ಟು ತೆಳು.

ಆ ಗೆರೆ ಎಳೆಯಲು ನಿಮ್ಮ ಲ್ಯಾಬಿನಲ್ಲಿರುವ ಸಾಮಾನೇ ಸಾಕು. ಒಳಗೆ ಬರುವ ಲೇಸರನ್ನು ಎರಡು ಪಟ್ಟು ಮಾಡಿ. ಹಸಿರು ನಾಲ್ಕು ಪಟ್ಟಾಗಬೇಕು. ಎರಡೇ ಪಟ್ಟಾದರೆ ಅದು ಸೋರಿಕೆಯ ಬೆಳಕು. ಗಾಜನ್ನು ಕಿರಣಕ್ಕೆ ನೇರವಾಗಿ ನಿಲ್ಲಿಸಿದರೆ ಸಿಗ್ನಲ್ ಸೊನ್ನೆಗೆ ಬರಬೇಕು, ಓರೆ ಮಾಡಿದಂತೆ ಏರಬೇಕು, ಏಕೆಂದರೆ ಪೋಲಿಂಗ್ ದಿಕ್ಕು ಗಾಜಿನ ಮೇಲ್ಮೈಗೆ ಲಂಬ. ಬೆಳಕಿನ ಧ್ರುವೀಕರಣವನ್ನು ತೊಂಬತ್ತು ಡಿಗ್ರಿ ತಿರುಗಿಸಿದಾಗ ಸಿಗ್ನಲ್ ಸುಮಾರು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯಬೇಕು. ಪೋಲಿಂಗ್ ಆದ ಗಾಜಿನ ಸಹಿ ಅದು. ಇನ್ನೊಂದು ಮಾತು. ನಿಮ್ಮ ಲೇಸರ್ ಪೆಟ್ಟಿಗೆಯೊಳಗೇ ಹಸಿರು ಮಾಡುವ ಕ್ರಿಸ್ಟಲ್ ಇದೆಯೇ ನೋಡಿ. ಹಲವು ಎನ್‌ಡಿ-ಯಾಗ್ ಲೇಸರುಗಳಲ್ಲಿ (1064 ಕೊಡುವ ಬಗೆ) ಇರುತ್ತದೆ. ಅದರಿಂದ ನುಸುಳುವ ಹಸಿರು ನಿಮ್ಮ ಗಾಜಿನ ಹಸಿರಿಗಿಂತ ಸಾವಿರ ಪಟ್ಟು ಪ್ರಖರವಾಗಿದ್ದರೂ ಆಶ್ಚರ್ಯವಿಲ್ಲ, ಮತ್ತು ತಮಾಷೆಯೆಂದರೆ ಅದು ‘ನಾಲ್ಕು ಪಟ್ಟು’ ಪರೀಕ್ಷೆಯಲ್ಲೂ ಪಾಸಾಗಿಬಿಡಬಹುದು. ಗಾಜಿಗೆ ಮುಂಚೆ ಹಸಿರನ್ನು ತಡೆಯುವ ಫಿಲ್ಟರ್, ಗಾಜಿನ ನಂತರ 532 ಮಾತ್ರ ಬಿಡುವ ಫಿಲ್ಟರ್, ಎರಡೂ ಇರಲೇಬೇಕು.

ಇದೆಲ್ಲ ಸರಿಹೊಂದಿದರೆ ‘ಗಾಜಿನಲ್ಲಿ ಆಗುವುದೇ ಇಲ್ಲ’ ಎಂಬ ಮಾತು ಬಿದ್ದುಹೋಯಿತು. ಆದರೆ ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಸಾಮಾನ್ಯ ಗಾಜಿನಲ್ಲಿ ಅಣುಗಳಿಗೆ ದಿಕ್ಕಿಲ್ಲ. ಬೆಳಕಿನ ಅಲೆ ಎಲೆಕ್ಟ್ರಾನನ್ನು ಎಡಕ್ಕೆ ನೂಕಿದರೂ ಬಲಕ್ಕೆ ನೂಕಿದರೂ ಅದು ಒಂದೇ ಸಮ ಬಾಗುತ್ತದೆ. ಆವರ್ತನ ಇಮ್ಮಡಿಯಾಗಬೇಕಾದರೆ, ಅಂದರೆ ತರಂಗಾಂತರ 1064ರಿಂದ ಅರ್ಧಕ್ಕೆ ಇಳಿಯಬೇಕಾದರೆ, ಎರಡು ಬದಿಗೆ ಬಾಗುವುದರಲ್ಲಿ ವ್ಯತ್ಯಾಸ ಬೇಕು. ಕ್ರಿಸ್ಟಲ್ಲಿಗೆ ಅದು ಹುಟ್ಟಿನಿಂದ ಬಂದದ್ದು, ಗಾಜಿಗೆ ನಾವು ಕಲಿಸಬೇಕು. ಆ ಕಲಿಕೆಯೇ ಪೋಲಿಂಗ್. ಬಿಸಿ ಗಾಜಿನಲ್ಲಿ ಸೋಡಿಯಂ ಅಯಾನುಗಳು ಸಡಿಲವಾಗುತ್ತವೆ, ವೋಲ್ಟೇಜ್ ಅವನ್ನು ಧನ ವಿದ್ಯುದ್ವಾರದಿಂದ, ಅಂದರೆ ಆನೋಡಿನಿಂದ, ದೂರ ನೂಕುತ್ತದೆ. ಆನೋಡಿನ ಕೆಳಗೆ ಕೆಲವೇ ಮೈಕ್ರಾನ್ ದಪ್ಪದ ಪದರದಲ್ಲಿ ಸೋಡಿಯಂ ಖಾಲಿಯಾಗಿ, ಕೊಟ್ಟ ವೋಲ್ಟೇಜಿನ ಬಹುಪಾಲು ಆ ಪದರದ ಮೇಲೆ ಬೀಳುತ್ತದೆ. ವೋಲ್ಟೇಜ್ ಇಟ್ಟುಕೊಂಡೇ ತಣಿಸಿದರೆ ಆ ವಿದ್ಯುತ್ ಕ್ಷೇತ್ರ ಗಾಜಿನೊಳಗೇ ಹೆಪ್ಪುಗಟ್ಟುತ್ತದೆ. 1991ರಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಮೈಯರ್ಸ್, ಮುಖರ್ಜಿ ಮತ್ತು ಬ್ರೂಕ್ ತೋರಿಸಿದ್ದು ಇದನ್ನೇ. ನಿಮ್ಮ ಉಷ್ಣತೆಯೂ ವೋಲ್ಟೇಜೂ ಅವರ ವ್ಯಾಪ್ತಿಯ ಒಳಗೇ ಇವೆ.

ಈಗ 3 ಮಿಲಿಮೀಟರ್ ಗಾಜು ಏಕೆ ಕೈಕೊಟ್ಟಿತು ಎಂಬುದು ಕಾಣುತ್ತಿರಬೇಕು. ಕೆಲಸ ಮಾಡುವುದು ಆನೋಡಿನ ಕೆಳಗಿನ ಸುಮಾರು 10 ಮೈಕ್ರಾನ್ ಮಾತ್ರ. ಉಳಿದ ಗಾಜು ಬರೀ ದಾರಿ. ‘ಹಾಗಾದರೆ ಇನ್ನಷ್ಟು ಹೊತ್ತು ಪೋಲಿಂಗ್ ಮಾಡಿ ಆ ಪದರವನ್ನೇ ದಪ್ಪ ಮಾಡುತ್ತೇನೆ’ ಅನ್ನಿಸಬಹುದು. ನನಗೂ ಅನ್ನಿಸಿತ್ತು, ಒಂದು ಇಡೀ ಬೇಸಿಗೆ ಅದರಲ್ಲೇ ಕಳೆಯಿತು. ಪದರ ದಪ್ಪವಾದಂತೆ ಅದೇ ವೋಲ್ಟೇಜ್ ಹೆಚ್ಚು ದೂರಕ್ಕೆ ಹಂಚಿಹೋಗುತ್ತದೆ, ಕ್ಷೇತ್ರ ತೆಳುವಾಗುತ್ತದೆ. ಕ್ಷೇತ್ರವನ್ನು ದಪ್ಪದಿಂದ ಗುಣಿಸಿದರೆ ಬರುವುದು ನೀವು ಕೊಟ್ಟ ವೋಲ್ಟೇಜೇ. ಆದ್ದರಿಂದ ತೆಳು ಪದರದಿಂದ ಬರುವ ಹಸಿರನ್ನು ನಿರ್ಧರಿಸುವುದು ಮುಖ್ಯವಾಗಿ ವೋಲ್ಟೇಜ್. ಹೊತ್ತಲ್ಲ, ದಪ್ಪವೂ ಅಲ್ಲ.

ಲೆಕ್ಕ ಹಾಕಿಯೇ ನೋಡೋಣ. ಪೋಲಿಂಗ್ ಆದ ಸಿಲಿಕಾದ ಎರಡನೇ ದರ್ಜೆಯ ಗುಣಾಂಕ (ಆವರ್ತನ ಇಮ್ಮಡಿಸುವ ಸಾಮರ್ಥ್ಯದ ಅಳತೆ) ವೋಲ್ಟಿಗೆ 0.3 ಪಿಕೋಮೀಟರ್, ಪದರ 10 ಮೈಕ್ರಾನ್, ಲೇಸರ್ ತೀವ್ರತೆ ಚದರ ಸೆಂಟಿಮೀಟರಿಗೆ 100 ಮೆಗಾವ್ಯಾಟ್ ಎಂದಿಟ್ಟುಕೊಳ್ಳಿ. ಹಸಿರಾಗುವುದು ಹತ್ತು ಕೋಟಿ ಪಾಲಿನಲ್ಲಿ ಎರಡು ಪಾಲು. ಅದೇ ಕಿರಣಕ್ಕೆ 5 ಮಿಲಿಮೀಟರಿನ ಕೆಟಿಪಿ (ಪೊಟ್ಯಾಸಿಯಂ ಟೈಟನೈಲ್ ಫಾಸ್ಫೇಟ್) ಕ್ರಿಸ್ಟಲ್ ಇಟ್ಟರೆ ಅರ್ಧಕ್ಕರ್ಧ ಹಸಿರಾಗಿಬಿಡಬಹುದು. ಗುಣಾಂಕದಲ್ಲಿ ಇಪ್ಪತ್ತು ಪಟ್ಟು, ಉದ್ದದಲ್ಲಿ ಐನೂರು ಪಟ್ಟು ಕ್ರಿಸ್ಟಲ್ ಮುಂದಿದೆ, ಮತ್ತು ಹಸಿರಿನ ಪ್ರಮಾಣ ಇವೆರಡರ ವರ್ಗಕ್ಕೆ ಅನುಪಾತ. ಆ ಸೋಲಿನಲ್ಲಿ ದೊಡ್ಡ ಪಾಲು ಉದ್ದದ್ದು, ಗುಣಾಂಕದ್ದಲ್ಲ. ಗಾಜಿನ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಆದರೆ ಉದ್ದ ಸುಮ್ಮನೆ ದಕ್ಕುವುದಿಲ್ಲ. ನೀವು ಧಾರವಾಡದವರು, ಪಂಚಮಿಯ ಜೋಕಾಲಿ ನೋಡಿದ್ದೀರಿ. ಜೋಕಾಲಿ ಮುಂದೆ ಹೋಗುವಾಗ ನೂಕಿದರೆ ಜೀಕು ಏರುತ್ತದೆ. ಎದುರು ಬರುವಾಗ ನೂಕಿದರೆ ನಿಂತುಹೋಗುತ್ತದೆ. ಸಿಲಿಕಾದಲ್ಲಿ 1064ರ ವಕ್ರೀಭವನ ಸೂಚ್ಯಂಕ 1.4496, 532ರದ್ದು 1.4607. ಸೂಚ್ಯಂಕ ಹೆಚ್ಚಿದ್ದಷ್ಟೂ ಬೆಳಕು ನಿಧಾನ, ಅಂದರೆ ಅವಕೆಂಪು ಮುಂದೆ, ಹಸಿರು ಹಿಂದೆ. ಹಿಂದೆ ಹುಟ್ಟಿದ ಹಸಿರಿಗೂ ಈಗ ಹುಟ್ಟುತ್ತಿರುವ ಹಸಿರಿಗೂ 24 ಮೈಕ್ರಾನ್ ದಾಟುವಷ್ಟರಲ್ಲಿ ಹೆಜ್ಜೆ ಪೂರ್ತಿ ತಪ್ಪಿ, ಮುಂದಿನ 24 ಮೈಕ್ರಾನಿನಲ್ಲಿ ಕೂಡಿಸಿದ್ದೆಲ್ಲ ಕಳೆದುಹೋಗುತ್ತದೆ. ಕ್ರಿಸ್ಟಲ್ಲಿನಲ್ಲಿ ಕೋನ ಹೊಂದಿಸಿ ಎರಡರ ವೇಗ ಒಂದು ಮಾಡಬಹುದು. ಗಾಜಿಗೆ ಎಲ್ಲ ದಿಕ್ಕೂ ಒಂದೇ ಆದ್ದರಿಂದ ಆ ದಾರಿ ಮುಚ್ಚಿದೆ.

ಉಳಿದದ್ದು 1962ರಲ್ಲೇ ಆರ್ಮ್‌ಸ್ಟ್ರಾಂಗ್, ಬ್ಲೂಂಬರ್ಗನ್ ಮತ್ತು ಸಂಗಡಿಗರು ಸೂಚಿಸಿದ ಉಪಾಯ: ಜೋಕಾಲಿ ಎದುರು ಬರುವ ಹೊತ್ತಿನಲ್ಲಿ ಕೈ ಕಟ್ಟಿ ನಿಲ್ಲು. 24 ಮೈಕ್ರಾನ್ ಪೋಲಿಂಗ್ ಆದ ಗಾಜು, 24 ಮೈಕ್ರಾನ್ ಆಗದ ಗಾಜು, ಮತ್ತೆ ಆದದ್ದು. ನಿಮ್ಮ ಕಿರಣ ಗಾಜನ್ನು ಅಡ್ಡಲಾಗಿ ದಾಟುತ್ತಿದೆ. ಪದರದ ಉದ್ದಕ್ಕೂ ಬೆಳಕು ಓಡುವಂತೆ ಮಾಡಿದರೆ ಮಾತ್ರ ಈ ಪಟ್ಟೆಗಳಿಗೆ ಅರ್ಥ. ಅದಕ್ಕೆ ತಕ್ಕದ್ದು ಫೈಬರ್. ಕೋರಿನ (ಬೆಳಕು ಓಡುವ ನಡುಭಾಗದ) ಪಕ್ಕದಲ್ಲಿ ತೂತುಗಳಿರುವ ಫೈಬರಿನಲ್ಲಿ ತಂತಿ ತೂರಿಸಿ, ಇಡೀ ಉದ್ದಕ್ಕೆ ಪೋಲಿಂಗ್ ಮಾಡಿ, ಆಮೇಲೆ ಅತಿನೇರಳೆ ಲೇಸರಿನಿಂದ ಬೇಡದ ಪಟ್ಟೆಗಳನ್ನು ಅಳಿಸುತ್ತಾರೆ. 2009ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ತಂಡ 32 ಸೆಂಟಿಮೀಟರ್ ಉದ್ದದ ಇಂಥ ಫೈಬರಿನಿಂದ ಇಮ್ಮಡಿ ಆವರ್ತನದ 236 ಮಿಲಿವ್ಯಾಟ್ ಬೆಳಕು ಪಡೆಯಿತು; ಪರಿವರ್ತನೆ ಶೇಕಡ 15. ಅದೇ ಸಿಲಿಕಾ, ಅದೇ ಬಡ ಗುಣಾಂಕ. ಹತ್ತು ಕೋಟಿಯಲ್ಲಿ ಎರಡು ಪಾಲಿನಿಂದ ನೂರರಲ್ಲಿ ಹದಿನೈದು ಪಾಲಿಗೆ ಹೋಗಲು ಬೇಕಾದದ್ದು ಬಲವಲ್ಲ, ಹೆಜ್ಜೆ ತಪ್ಪದ ಉದ್ದ ಮತ್ತು ಆ ಉದ್ದಕ್ಕೂ ಬೆಳಕನ್ನು ಕೋರಿನೊಳಗೆ ಹಿಡಿದಿಡುವ ಫೈಬರ್. ಎಂ.ಎಸ್ಸಿ. ಪ್ರಾಜೆಕ್ಟಿನ ಅವಧಿಯಲ್ಲಿ ಇದನ್ನು ನೀವೇ ಮಾಡಲಾಗದು, ಆದರೆ ಗಾಜಿನ ತಾಕತ್ತು ಎಲ್ಲಿಯವರೆಗೆ ಹೋಗುತ್ತದೆಂದು ತಿಳಿದಿರಲಿ.

‘ಗಂಟೆಗಟ್ಟಲೆ ಹಾಯಿಸಿದರೆ ತಾನೇ ಹದಕ್ಕೆ ಬರುತ್ತದೆ’ ಎಂಬುದೂ ಕಟ್ಟುಕಥೆಯಲ್ಲ. 1986ರಲ್ಲಿ ಸ್ವೀಡನ್ನಿನಲ್ಲಿ ಊಲ್ಫ್ ಓಸ್ಟರ್‌ಬರ್ಗ್ ಮತ್ತು ವಾಲ್ಟರ್ ಮಾರ್ಗುಲಿಸ್ ಜರ್ಮೇನಿಯಂ ಬೆರೆತ ಫೈಬರಿನಲ್ಲಿ 1064ರ ಪಲ್ಸುಗಳನ್ನು ತಾಸುಗಟ್ಟಲೆ ಹಾಯಿಸಿದಾಗ ಹಸಿರು ತಾನಾಗಿಯೇ ಬೆಳೆಯುತ್ತ ಹೋಗಿ, ಕೊನೆಗೆ ಇನ್ನೊಂದು ಡೈ ಲೇಸರನ್ನು ನಡೆಸುವಷ್ಟಾಯಿತು. ಎಲ್ಲರೂ ಬೆರಗಾದರು, ನನಗೆ ಇಂದಿಗೂ ಅದು ಈ ಕ್ಷೇತ್ರದ ಅತಿ ಸುಂದರ ಪ್ರಯೋಗ. ಒಳಗೆ ನಡೆದದ್ದು ಇಷ್ಟು: ಅವಕೆಂಪು ಮತ್ತು ಅದರ ಜೊತೆ ಹುಟ್ಟಿದ ನಸು ಹಸಿರು ಸೇರಿ, ಗಾಜಿನ ದೋಷಸ್ಥಾನಗಳಿಂದ ಎಲೆಕ್ಟ್ರಾನುಗಳನ್ನು ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ಚಿಮ್ಮಿಸುತ್ತವೆ. ಯಾವ ಕಡೆ ಹೆಚ್ಚು ಎಂಬುದು ಅವೆರಡರ ಹೆಜ್ಜೆಯ ಅಂತರವನ್ನು ಅವಲಂಬಿಸಿದೆ. ಹಾಗಾಗಿ ಹೆಜ್ಜೆ ತಪ್ಪುವ ಜಾಗದಲ್ಲೆಲ್ಲ ಕ್ಷೇತ್ರವೂ ತಿರುಗಿ, ಬೇಕಾದ ಪಟ್ಟೆಗಳನ್ನು ಬೆಳಕೇ ಬರೆದುಕೊಳ್ಳುತ್ತದೆ. ಮರುವರ್ಷ ಬೆಲ್ ಲ್ಯಾಬಿನ ಸ್ಟೋಲೆನ್ ಮತ್ತು ಟಾಮ್, ಜೊತೆಗೆ ಸ್ವಲ್ಪ ಹಸಿರನ್ನು ಹೊರಗಿನಿಂದಲೇ ಬೀಜದಂತೆ ಹಾಕಿದರೆ ತಾಸುಗಳ ಕೆಲಸ ನಿಮಿಷಗಳಲ್ಲಿ ಆಗುತ್ತದೆಂದು ತೋರಿಸಿದರು. ಇದೇ ಉಪಾಯ 2017ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಸಿಲಿಕಾನ್ ನೈಟ್ರೈಡ್ ಚಿಪ್ಪುಗಳ ಮೇಲೆ ಮರುಹುಟ್ಟು ಪಡೆಯಿತು.

ಆದರೆ ನಿಮ್ಮ ಒಂದು ಮಿಲಿಮೀಟರ್ ಗಾಜಿನ ಬಿಲ್ಲೆಗೆ ಇದು ಒಗ್ಗದು. ಬೆಳಕು ಸಣ್ಣ ಕೋರಿನಲ್ಲಿ ಬಂಧಿಯಾಗಿ ಉದ್ದಕ್ಕೆ ಓಡಬೇಕು, ದೋಷಸ್ಥಾನ ಕೊಡುವ ಜರ್ಮೇನಿಯಂ ಇರಬೇಕು. ಬರೀ ಬಿಲ್ಲೆಗೆ ರಾತ್ರಿಯಿಡೀ ಲೇಸರ್ ಬಿಟ್ಟರೆ ಸವೆಯುವುದು ಫ್ಲಾಶ್‌ಲ್ಯಾಂಪು. ಫೈಬರಿನಲ್ಲೂ ಪರಿವರ್ತನೆ ಕೆಲವೇ ಶೇಕಡದಲ್ಲಿ ನಿಲ್ಲುತ್ತದೆ, ಮತ್ತು ಬರೆದದ್ದನ್ನು ಬಲವಾದ ಹಸಿರು ತಾನೇ ಅಳಿಸಲೂಬಲ್ಲದು.

ಶಕ್ತಿ ಏರಿಸುವ ವಿಚಾರ. ಏರಿಸಿದರೆ ಶೇಕಡಾವಾರು ಏರುವುದು ನಿಜ. ಆದರೆ ಸಿಡಿದದ್ದು ಹಿಂಬದಿ ಎಂದು ಬರೆದಿದ್ದೀರಲ್ಲ, ಅಲ್ಲಿ ಪಾಠವಿದೆ. ಹೊರಬೀಳುವ ಮೇಲ್ಮೈಯಲ್ಲಿ ಒಳಕ್ಕೆ ಮರಳುವ ಪ್ರತಿಫಲಿತ ಅಲೆ ಮೂಲ ಅಲೆಯೊಂದಿಗೆ ಕೂಡಿಕೊಳ್ಳುತ್ತದೆ. ಮುಂಬದಿಗಿಂತ ಅಲ್ಲಿ ತೀವ್ರತೆ ಸುಮಾರು 1.4 ಪಟ್ಟು. ಜೊತೆಗೆ ಪಾಲಿಶಿನ ಗೀರು, ಬೆರಳಿನ ಎಣ್ಣೆ, ಎಲೆಕ್ಟ್ರೋಡಿನಿಂದ ಉಳಿದ ಲೋಹದ ಚೂರು. ಲೋಹದ ಚೂರೇ ಮುಖ್ಯ ಕಳ್ಳ. ಆವಿ ಹಚ್ಚಿದ ಅಲ್ಯೂಮಿನಿಯಂ ಬದಲು ಪಾಲಿಶ್ ಮಾಡಿದ ಸಿಲಿಕಾನ್ ವೇಫರಿನ ತುಂಡನ್ನು ಒತ್ತಿ ಎಲೆಕ್ಟ್ರೋಡ್ ಮಾಡಿಕೊಳ್ಳಿ. ಪೋಲಿಂಗ್ ಮುಗಿದ ಮೇಲೆ ಎತ್ತಿದರೆ ಮೇಲ್ಮೈ ಚೊಕ್ಕಟ. ಕಿರಣವನ್ನು ಲೆನ್ಸಿನಿಂದ ಬಿಗಿಗೊಳಿಸುವುದಕ್ಕೂ ಮಿತಿಯಿಡಿ. ಸಿಗ್ನಲ್ ಎರಡು ಪಟ್ಟಾಗಲೆಂದು ಗಾಜು ಕಳೆದುಕೊಳ್ಳುವುದರಲ್ಲಿ ಲಾಭವಿಲ್ಲ.

ನಿಮ್ಮ ಮಟ್ಟದಲ್ಲೇ ಕೈಗೆಟಕುವ ಸುಧಾರಣೆ ಬೇರೆ ಕಡೆ ಇದೆ: ಓರೆಯಲ್ಲಿ. ಗಾಳಿಯಿಂದ ಎಷ್ಟೇ ಓರೆಯಾಗಿ ಬಿಟ್ಟರೂ ಗಾಜಿನೊಳಗೆ ಕಿರಣ 44 ಡಿಗ್ರಿ ದಾಟದು. ಗಾಜಿನ ಎರಡೂ ಬದಿಗೆ ಅದೇ ಸಿಲಿಕಾದ ಅರ್ಧ ಸಿಲಿಂಡರ್ ಅಥವಾ ಪ್ರಿಸಂ ಇಟ್ಟು, ನಡುವೆ ಸೂಚ್ಯಂಕ ಹೊಂದುವ ದ್ರವದ ಹನಿ ಹಾಕಿದರೆ ಒಳಗೇ 65 ಡಿಗ್ರಿವರೆಗೆ ಹೋಗಬಹುದು. ಕಿರಣ ಪದರದಲ್ಲಿ ಹೆಚ್ಚು ದೂರ ಸಾಗುತ್ತದೆ, ಪೋಲಿಂಗ್ ದಿಕ್ಕಿಗೆ ಅದರ ಕ್ಷೇತ್ರವೂ ಹೆಚ್ಚು ಹೊಂದುತ್ತದೆ. ಒಳಗಿನ 37 ಡಿಗ್ರಿಗೆ ಹೋಲಿಸಿದರೆ ಹಸಿರು ಕೆಲವು ಪಟ್ಟು ಏರಬೇಕು. ಖರ್ಚು ಕಡಿಮೆ, ಅಪಾಯ ಇಲ್ಲವೆನ್ನುವಷ್ಟು. ನಾನು ಮೊದಲು ಮಾಡುವುದು ಇದನ್ನೇ.

ಎರಡನೆಯದು ವೋಲ್ಟೇಜ್. 4ರಿಂದ 5 ಕಿಲೋವೋಲ್ಟಿಗೆ ಹೋದರೆ ಸಿಗ್ನಲ್ ಒಂದೂವರೆ ಪಟ್ಟು ಆಗಬೇಕು. ಆದರೆ ಅಂಚಿನಲ್ಲಿ ಗಾಳಿಯ ಮೂಲಕ ಕಿಡಿ ಹಾರುವ ಭಯವಿದೆ. ಎಲೆಕ್ಟ್ರೋಡ್ ಗಾಜಿನ ಅಂಚಿನಿಂದ ಎಲ್ಲ ಕಡೆ ಕನಿಷ್ಠ 5 ಮಿಲಿಮೀಟರ್ ಒಳಗಿರಲಿ, ಹಾಟ್‌ಪ್ಲೇಟಿನ ಲೋಹ ಅರ್ಥ್ ಆಗಿರಲಿ, ಸರಣಿಯಲ್ಲಿ ಒಂದು ದೊಡ್ಡ ರೆಸಿಸ್ಟರ್ ಇರಲಿ, ಒಬ್ಬರೇ ಇರುವಾಗ ಸ್ವಿಚ್ ಹಾಕಬೇಡಿ. ಪೋಲಿಂಗ್ ವೇಳೆ ಕರೆಂಟನ್ನು ನಿಮಿಷ ನಿಮಿಷಕ್ಕೆ ಬರೆದಿಡಿ. ಅದು ಇಳಿದು ಸಮಕ್ಕೆ ನಿಂತರೆ ಪದರ ಕೂತಿದೆ. ಇದ್ದಕ್ಕಿದ್ದಂತೆ ಜಿಗಿದರೆ ಎಲ್ಲೋ ಸೋರಿದೆ. ಪದರದ ದಪ್ಪ ನೋಡಲು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕೊರೆಯುವ ವಿಧಾನವನ್ನು ಓದಿರಬಹುದು. ಕಾಲೇಜು ಲ್ಯಾಬಿನಲ್ಲಿ ಅದನ್ನು ಮಾಡಲೇಬೇಡಿ. ಆ ಆಮ್ಲ ಚರ್ಮದ ಮೇಲೆ ಮೊದಲು ಉರಿಯದೆಯೇ ಒಳಗಿಳಿದು ಜೀವಕ್ಕೇ ಕುತ್ತು ತರಬಲ್ಲದು.

ಅತಿ ಶುದ್ಧ ಗಾಜು ತರಿಸುವ ಯೋಚನೆ ಬಿಡಿ. ಇಲ್ಲಿ ಶುದ್ಧತೆಯೇ ಶತ್ರು. ಪೋಲಿಂಗ್ ನಡೆಯುವುದೇ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟಿರುವ ಸೋಡಿಯಂ ಕಲ್ಮಶದಿಂದ. ರಾಸಾಯನಿಕವಾಗಿ ತಯಾರಿಸಿದ ಅತಿ ಶುದ್ಧ ಸಿಲಿಕಾಕ್ಕಿಂತ, ನೈಸರ್ಗಿಕ ಕ್ವಾರ್ಟ್ಜ್ ಕರಗಿಸಿ ಮಾಡಿದ ಇನ್‌ಫ್ರಾಸಿಲ್, ಹೆರಾಸಿಲ್ ತರಹದ್ದು ಈ ಕೆಲಸಕ್ಕೆ ಒಳ್ಳೆಯದು. ಮೈಕ್ರೋಸ್ಕೋಪ್ ಸ್ಲೈಡಿನದು ಇದರ ತದ್ವಿರುದ್ಧ ಕಥೆ. ಅದರ ಸೋಡಾ-ಸುಣ್ಣದ ಗಾಜಿನಲ್ಲಿ ಸೋಡಿಯಂ ಶೇಕಡದ ಲೆಕ್ಕದಲ್ಲಿದೆ. ಪೋಲಿಂಗ್ ಆದ ಮೇಲೆ ಋಣ ಬದಿಯಲ್ಲಿ ಬಿಳಿ ಪುಡಿ ಕೂತಿದ್ದನ್ನು ನೋಡಿದಿರೇ? ಹೊರಬಂದ ಸೋಡಿಯಂ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಆದದ್ದು ಅದು. ಇಷ್ಟು ಸಡಿಲ ಅಯಾನುಗಳಿರುವ ಗಾಜಿನಲ್ಲಿ ಹೆಪ್ಪುಗಟ್ಟಿದ ಕ್ಷೇತ್ರ ಬಾಳುವುದಿಲ್ಲ. ಒಂದು ವಾರ ಇದ್ದದ್ದೇ ಹೆಚ್ಚು.

ಕ್ಷೇತ್ರ ಬೇಡ, ಗಾಜಿನೊಳಗೇ ದಿಕ್ಕುಳ್ಳ ಕ್ರಿಸ್ಟಲ್ ಕಣಗಳನ್ನು ಬೆಳೆಸೋಣ ಎಂಬ ದಾರಿಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಬಿ.ಆರ್. ವರ್ಮ ಅವರ ತಂಡ ಬೋರೇಟ್ ಗಾಜುಗಳಲ್ಲಿ ಸ್ಟ್ರಾನ್ಷಿಯಂ ಬಿಸ್ಮತ್ ನಯೋಬೇಟಿನಂಥ ನ್ಯಾನೋಕಣಗಳನ್ನು ಹದವಾಗಿ ಕಾಯಿಸಿ ಬೆಳೆಸಿ, ಆವರ್ತನ ಇಮ್ಮಡಿಯಾಗುವುದನ್ನು ವರ್ಷಗಳ ಕಾಲ ಅಧ್ಯಯನ ಮಾಡಿದೆ. ಕಣ ದೊಡ್ಡದಾದಷ್ಟು ಹಸಿರು ಹೆಚ್ಚು, ಆದರೆ ಗಾಜು ಹಾಲಿನಂತಾಗಿ ಬೆಳಕು ಚದುರುತ್ತದೆ. ಕಣಗಳು ದಿಕ್ಕಾಪಾಲಾಗಿದ್ದರೆ ಹಸಿರುಗಳೂ ಒಂದಕ್ಕೊಂದು ಹೊಂದುವುದಿಲ್ಲ. ನಿಮ್ಮ ವಿಭಾಗದಲ್ಲಿ ಒಳ್ಳೆಯ ಫರ್ನೇಸ್ ಇದ್ದರೆ ಲೇಸರಿಗಿಂತ ಇದೇ ಸುಲಭವಾಗಿ ಒಲಿಯಬಹುದು.

ಕ್ರಿಸ್ಟಲ್ ಕೊಳ್ಳಬೇಕೇ ಎಂಬುದಕ್ಕೆ ನೇರ ಉತ್ತರ: ನಿಮಗೆ ಬೇಕಾದದ್ದು ಹಸಿರು ಬೆಳಕಾದರೆ ಇವತ್ತೇ ಕೆಟಿಪಿ ಅಥವಾ ಎಲ್‌ಬಿಒ ಕೊಳ್ಳಿ. ಸಂಕೋಚ ಬೇಡ. ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 192 ಕಿರಣಗಳನ್ನು ನಿಯೋಡೈಮಿಯಂ ಗಾಜಿನಲ್ಲೇ ಬಲಪಡಿಸುತ್ತಾರೆ, ಆದರೆ 1053ರಿಂದ 351 ನ್ಯಾನೋಮೀಟರಿಗೆ ಇಳಿಸಲು ಅವರೂ ಮೊರೆಹೋಗುವುದು ಕೆಡಿಪಿ ಕ್ರಿಸ್ಟಲ್ಲಿಗೆ. ನಿಖರವಾಗಿ 532 ಅಲ್ಲ, ಕಡಿಮೆ ತರಂಗಾಂತರದ ಯಾವುದಾದರೂ ಬೆಳಕು ಸಾಕು ಅಂದರೆ ಉದ್ದಕ್ಕೂ ಸಣ್ಣ ತೂತುಗಳಿರುವ ಫೋಟಾನಿಕ್ ಕ್ರಿಸ್ಟಲ್ ಫೈಬರ್ ಇದೆ: 2000ದಲ್ಲಿ ರಂಕಾ ಮತ್ತು ಸಂಗಡಿಗರು 75 ಸೆಂಟಿಮೀಟರ್ ಫೈಬರಿನಲ್ಲಿ 100 ಫೆಮ್ಟೋಸೆಕೆಂಡ್ ಪಲ್ಸ್ ಬಿಟ್ಟು ಅವಕೆಂಪಿನಿಂದ ನೇರಳೆಯವರೆಗಿನ ಬಣ್ಣವನ್ನೆಲ್ಲ ಹೊರತೆಗೆದರು. ನಿಮ್ಮ ಈಗಿನ ಲೇಸರನ್ನು ಮಾತ್ರ ಅಂಥ ಫೈಬರಿಗೆ ಬಿಡಬೇಡಿ, ತುದಿ ಒಂದೇ ಪಲ್ಸಿಗೆ ಕರಟುತ್ತದೆ. ಗಾಜಿನೊಳಗೆ ಏನು ನಡೆಯುತ್ತದೆ ಎಂಬುದೇ ನಿಮ್ಮ ಪ್ರಶ್ನೆಯಾದರೆ ಇಟ್ಟ ಹೆಜ್ಜೆ ಹಿಂದೆಗೆಯಬೇಡಿ. ಗಾಜು ಲೇಸರಿನ ಹೊಡೆತ ತಾಳುತ್ತದೆ, ಅತಿನೇರಳೆಗೂ ಪಾರದರ್ಶಕ, ಫೈಬರ್ ಜಾಲಕ್ಕೆ ನೇರ ಬೆಸೆಯುತ್ತದೆ. ಹಸಿರು ಮಾಡುವುದರ ತಿರುಗಾಮುರುಗಾ ಕ್ರಿಯೆಯಿಂದ, ಅಂದರೆ ಒಂದು ಫೋಟಾನನ್ನು ಎರಡಾಗಿ ಸೀಳಿ, ಪೋಲಿಂಗ್ ಆದ ಫೈಬರಿನಲ್ಲಿ ಹೆಣೆದುಕೊಂಡ (ಎಂಟ್ಯಾಂಗಲ್ಡ್) ಫೋಟಾನು ಜೋಡಿಗಳನ್ನು 2012ರಲ್ಲಿ ಟೊರಾಂಟೋದಲ್ಲಿ ಪಡೆದಿದ್ದಾರೆ.

ಕೊನೆಗೆ, ಎರಡು ತಿಂಗಳಲ್ಲಿ ಅರ್ಧವಾದ ಸಿಲಿಕಾ. ಕೋಣೆಯ ಉಷ್ಣತೆಯಲ್ಲಿ ಸಿಲಿಕಾದ ಕ್ಷೇತ್ರ ಇಷ್ಟು ಬೇಗ ಕರಗಬಾರದು. ಅದನ್ನು 200 ಡಿಗ್ರಿ ದಾಟಿ ಮತ್ತೆ ಕಾಯಿಸಿದ್ದೀರಾ? ಅತಿನೇರಳೆ ದೀಪದ ಕೆಳಗೆ ಇಟ್ಟಿದ್ದಿರಾ? ಎರಡೂ ಇಲ್ಲವಾದರೆ ಬಹುಶಃ ಬದಲಾದದ್ದು ನಿಮ್ಮ ಲೇಸರ್ ಅಥವಾ ಕಿರಣದ ಜೋಡಣೆ. ಒಂದು ಸ್ಫಟಿಕ ಕ್ವಾರ್ಟ್ಜ್ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಪ್ರತಿ ಸಲವೂ ಮೊದಲು ಅದನ್ನು, ಆಮೇಲೆ ನಿಮ್ಮ ಗಾಜನ್ನು ಅಳೆಯಿರಿ. ಎರಡರ ಅನುಪಾತವನ್ನೇ ಬರೆದಿಡಿ. ಕ್ವಾರ್ಟ್ಜ್ ಮುಪ್ಪಾಗುವುದಿಲ್ಲ. ಮತ್ತು ಗಾಜಿನ ಆನೋಡ್ ಬದಿಯ ಮೂಲೆಯಲ್ಲಿ ವಜ್ರದ ಮೊನೆಯಿಂದ ಒಂದು ಗೀರು ಹಾಕಿ. ಯಾವ ಬದಿ ಪೋಲಿಂಗ್ ಆದದ್ದೆಂದು ಕಣ್ಣಿಗೆ ಕಾಣುವುದಿಲ್ಲ. ಆನೋಡ್ ಬದಿಯನ್ನೇ ಗಟ್ಟಿಯಾಗಿ ಉಜ್ಜಿ ತೊಳೆದು ಗೀರಿಸಿ, ಸಿಗ್ನಲ್ ಎಲ್ಲಿ ಹೋಯಿತೆಂದು ಹುಡುಕಿದವರನ್ನು ನಾನು ಒಬ್ಬಿಬ್ಬರನ್ನಲ್ಲ ನೋಡಿದ್ದು.